ಮದುವೆಯಾದ ಮೇಲೆ ಶುರುವಾಗುವ ಕಥೆ

1934ರ ‘ದಿ ಥಿನ್ ಮ್ಯಾನ್’ ಚಿತ್ರವನ್ನು ಮೊನ್ನೆ ಇನ್ನೊಮ್ಮೆ ನೋಡಿದೆ. ಕೊಲೆಗಾರ ಯಾರೆಂಬುದು ಈ ಸಲವೂ ನನಗೆ ಮರೆತೇ ಹೋಗಿತ್ತು. ನೆನಪಿನಲ್ಲಿ ಉಳಿದದ್ದು ನಿಕ್ ಮತ್ತು ನೋರಾ ಎಂಬ ಗಂಡ-ಹೆಂಡಿರು ಒಬ್ಬರ ಕಾಲನ್ನೊಬ್ಬರು ಎಳೆಯುತ್ತ ಆಡುವ ಮಾತುಗಳಷ್ಟೇ. ಮದುವೆಯೊಂದಿಗೆ ಕಥೆ ಮುಗಿಸುವುದು ಸಿನಿಮಾಗಳಿಗೆ ರೂಢಿಯಾಗಿದ್ದ ಕಾಲದಲ್ಲಿ, ಮದುವೆಯಾಗಿ ವರ್ಷಗಳು ಕಳೆದ ಜೋಡಿಯೂ ತೆರೆಯ ಮೇಲೆ ರಸಿಕವಾಗಿ ಕಾಣಬಲ್ಲದೆಂದು ತೋರಿಸಿದ ಚಿತ್ರವಿದು. ಬರೆದವರು ಫ್ರಾನ್ಸಿಸ್ ಗುಡ್‌ರಿಚ್ ಮತ್ತು ಆಲ್ಬರ್ಟ್ ಹ್ಯಾಕೆಟ್, 1931ರಲ್ಲಿ ಮದುವೆಯಾದ ದಂಪತಿ.

ಇಬ್ಬರೂ ರಂಗಭೂಮಿಯ ನಟರಾಗಿದ್ದವರು. ಆಕೆ ಆತನಿಗಿಂತ ಹತ್ತು ವರ್ಷ ಹಿರಿಯಳು. ಅವರು ಬರೆಯುತ್ತಿದ್ದ ಕ್ರಮ ನನಗೆ ಬಹಳ ಇಷ್ಟ. ಒಂದೇ ದೃಶ್ಯವನ್ನು ಇಬ್ಬರೂ ಬೇರೆ ಬೇರೆಯಾಗಿ ಬರೆದು, ಹಾಳೆಗಳನ್ನು ಅದಲುಬದಲು ಮಾಡಿಕೊಂಡು, ಮುಲಾಜಿಲ್ಲದೆ ತಪ್ಪು ಹುಡುಕಿ, ಮತ್ತೆ ಬರೆಯಲು ಕೂರುತ್ತಿದ್ದರು. ‘ದಿ ಥಿನ್ ಮ್ಯಾನ್’ಗೆ ಮೂಲವಾದ ಡ್ಯಾಶಿಯಲ್ ಹ್ಯಾಮೆಟ್ಟನ ಪತ್ತೇದಾರಿ ಕಾದಂಬರಿಯನ್ನು ಕೈಗಿತ್ತ ನಿರ್ದೇಶಕ ವ್ಯಾನ್ ಡೈಕ್, ಪತ್ತೇದಾರಿಕೆಗಿಂತ ನಿಕ್ ಮತ್ತು ನೋರಾ ನಡುವಿನ ದೃಶ್ಯಗಳೇ ತಮಗೆ ಮುಖ್ಯವೆಂದು ಹೇಳಿದ್ದರಂತೆ. ಕೆಲಸಕ್ಕೆ ಸರಿಯಾದ ಜನರನ್ನೇ ಹಿಡಿದಿದ್ದರು ಎನ್ನಬೇಕು. ಮನೆಯ ಜಗಳದಲ್ಲಿ ಸಿಟ್ಟು ಎಲ್ಲಿ ನಗುವಾಗಿ ತಿರುಗುತ್ತದೆಂಬುದು ಇವರಿಗೆ ದಿನನಿತ್ಯದ ಅನುಭವವಾಗಿತ್ತು.

ಈ ಜಗಳ ಇಬ್ಬರದ್ದಾಗಿರುವವರೆಗೆ ಮಾತ್ರ ಫಲಿಸುತ್ತಿತ್ತೆಂದು ತೋರುತ್ತದೆ. 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರಕ್ಕೆ ಬರೆಯುತ್ತಿದ್ದಾಗ, ನಿರ್ದೇಶಕ ಫ್ರ್ಯಾಂಕ್ ಕಾಪ್ರಾ ತಮ್ಮ ಬೆನ್ನ ಹಿಂದೆ ಬೇರೆಯವರಿಂದ ಅವೇ ದೃಶ್ಯಗಳನ್ನು ತಿದ್ದಿಸುತ್ತಿದ್ದಾರೆಂದು ತಿಳಿದು, ಕೆಲಸವನ್ನು ಬೇಗ ಮುಗಿಸಿಕೊಟ್ಟು ಹೊರನಡೆದರು. ಅವರ ಹೆಸರಿರುವ ಚಿತ್ರಗಳಲ್ಲಿ ಇಂದು ಜನ ಅತಿ ಹೆಚ್ಚು ನೋಡುವುದು ಪ್ರಾಯಶಃ ಅದನ್ನೇ! ‘ಫಾದರ್ ಆಫ್ ದಿ ಬ್ರೈಡ್’ ಸೇರಿದಂತೆ ನಾಲ್ಕು ಚಿತ್ರಗಳಿಗೆ ಆಸ್ಕರ್ ನಾಮನಿರ್ದೇಶನ ಬಂದರೂ ಪ್ರಶಸ್ತಿ ಒಮ್ಮೆಯೂ ಬರಲಿಲ್ಲ.

ಅವರಿಗೆ ದೊಡ್ಡ ಮನ್ನಣೆ ಬಂದದ್ದು ನಾಟಕದಿಂದ. ಹಗುರ ಹಾಸ್ಯಕ್ಕೆ ಹೆಸರಾಗಿದ್ದ ಇವರು, ನಾಜಿಗಳಿಂದ ಅಡಗಿ ಬದುಕಿದ್ದ ಯಹೂದಿ ಹುಡುಗಿ ಆನ್ ಫ್ರ್ಯಾಂಕಳ ದಿನಚರಿಯನ್ನು ರಂಗಕ್ಕೆ ತರಲು ಎಂಟು ಕರಡುಗಳನ್ನು ಬರೆದರು, ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಆ ಕುಟುಂಬ ಅಡಗಿದ್ದ ಮನೆಯನ್ನು ನೋಡಿ ಬಂದರು. 1955ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಆರಂಭವಾದ ನಾಟಕಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. 1959ರ ಚಿತ್ರಕ್ಕೂ ಅವರೇ ಬರೆದರು. ಎಲ್ಲ ಪ್ರೇಕ್ಷಕರಿಗೂ ಒಪ್ಪಿಗೆಯಾಗಲೆಂದು ಆ ಹುಡುಗಿಯ ಯಹೂದಿತನವನ್ನು ತೆಳುವಾಗಿಸಿದರೆಂಬ ಆಕ್ಷೇಪ ಆಗಲೇ ಎದ್ದಿತ್ತು, ಮತ್ತು ನನಗೂ ಅದು ನ್ಯಾಯವೆಂದೇ ಅನಿಸುತ್ತದೆ. ಇಷ್ಟೆಲ್ಲ ಆದ ಮೇಲೂ ಮನುಷ್ಯರು ಮೂಲತಃ ಒಳ್ಳೆಯವರೆಂದು ತಾನು ನಂಬುವುದಾಗಿ ಆನ್ ಬರೆದ ಮಾತು ನಾಟಕದ ಕೊನೆಯಲ್ಲಿ, ತಂದೆ ದಿನಚರಿಯನ್ನು ಹಿಡಿದಿರುವಾಗ, ಆಕೆಯದೇ ದನಿಯಲ್ಲಿ ಕೇಳಿಸುತ್ತದೆ. ದಿನಚರಿಯಲ್ಲಿ ಅದು 1944ರ ಜುಲೈ 15ರ ಬರಹದ್ದು, ಸೆರೆ ಸಿಕ್ಕುವುದಕ್ಕೆ ಮೂರು ವಾರ ಮೊದಲಿನದು. ತಮ್ಮನ್ನು ನಾಶಮಾಡಲು ಹತ್ತಿರವಾಗುತ್ತಿರುವ ಗುಡುಗು ಕೇಳಿಸುತ್ತಿದೆಯೆಂದು ಆಕೆ ಆ ಮಾತಿನ ಬೆನ್ನಿಗೇ ಬರೆದಿದ್ದಾಳೆ. ನಾಟಕದ ಆ ಕೊನೆಯಲ್ಲಿ ಗುಡುಗಿಲ್ಲ. ಪ್ರತಿ ಸಾಲಿಗೂ ತಕರಾರೆತ್ತುತ್ತಿದ್ದ ಆ ಮನೆಯಲ್ಲಿ, ಎಂಟು ಕರಡುಗಳು ಮುಗಿಯುವವರೆಗೂ ಇಬ್ಬರಲ್ಲಿ ಒಬ್ಬರಾದರೂ ಅದನ್ನು ಕೇಳಲಿಲ್ಲವೇ?