ಹಿಡ್ಕೊಂಡಿದ್ದೇನೆ, ಎಂತಾದ್ರೂ ತಾ

ಇವತ್ತು ಬೆಳಿಗ್ಗೆ ಏಳೂಕಾಲು ಗಂಟೆ. ಕಾವಲಿಯ ಮೇಲೆ ನೀರುದೋಸೆ. ಹೊರಗಿನಿಂದ ಇವರ ಕೂಗು: "ಏ, ಬೇಗ ಬಾ ಮಾರಾಯ್ತಿ! ನಾನು ಹಿಡ್ಕೊಂಡಿದ್ದೇನೆ, ಎಂತಾದ್ರೂ ತಾ!"

ಎಂತಾದ್ರೂ ಅಂದರೆ ಎಂತದ್ದು? ಅದೊಂದನ್ನು ಇವರು ಹೇಳುವುದಿಲ್ಲ. ಮದುವೆಯಾಗಿ 22 ವರ್ಷ ಆಯ್ತು, ಒಂದು ಸಲವೂ ಹೇಳಿಲ್ಲ.

ಆದದ್ದು ಇಷ್ಟೇ. ಸಿಟೌಟಿಗೆ ಎರಚಲು ಹೊಡೆಯಬಾರದು ಅಂತ ಮೇ ಕೊನೆಗೆ ನೀಲಿ ಟರ್ಪಾಲು ಕಟ್ಟಿದ್ದೆವು. ಮಂಗಳೂರಿನಲ್ಲಿ ಮನೆ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಜ್ಜನ ಮನೆಯಲ್ಲಿ ಮಡಲು ಹೆಣೆದು ತಟ್ಟಿ ಕಟ್ಟುತ್ತಿದ್ದರು, ಅದು ಗಾಳಿ ಬಂದರೆ ಸ್ವಲ್ಪ ಒಳಗೆ ಬಿಟ್ಟು ಸುಮ್ಮನಿರುತ್ತಿತ್ತು. ಟರ್ಪಾಲಿಗೆ ಆ ಬುದ್ಧಿ ಇಲ್ಲ. ಹಡಗಿನ ಹಾಯಿಯ ಹಾಗೆ ಉಬ್ಬಿ, ಮನೆಯನ್ನೇ ಎಳಕೊಂಡು ಅರಬ್ಬೀ ಸಮುದ್ರಕ್ಕೆ ಹೊರಟ ಹಾಗೆ ಮಾಡ್ತದೆ. ಇವತ್ತು ಒಂದು ಮೂಲೆಯ ಹಗ್ಗ ತುಂಡಾಗಿತ್ತು. ಇವರು ಲುಂಗಿ ಮೇಲೆ ಕಟ್ಟಿ, ಅಡ್ಡ ಬಿದಿರನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು, ಗೋವರ್ಧನ ಎತ್ತಿದ ಕೃಷ್ಣನ ಹಾಗೆ ನಿಂತಿದ್ದರು. ಕೃಷ್ಣ ಕಿರುಬೆರಳಲ್ಲಿ ಎತ್ತಿ ಸುಮ್ಮನಿದ್ದ. ಇವರದ್ದು ಬಾಯಿ ನಿಲ್ಲುವುದಿಲ್ಲ.

ನನಗೆ ಸಿಟ್ಟಿಗಿಂತ ಮೊದಲು ಬಂದದ್ದು ನಗೆ. ಇದೇ ಮನುಷ್ಯನನ್ನು, ಇದೇ ಭಂಗಿಯಲ್ಲಿ, ನಾನು ನಿನ್ನೆ ರಾತ್ರಿ 11 ಗಂಟೆವರೆಗೆ ಟಿವಿಯಲ್ಲಿ ನೋಡಿದ್ದೆ.

ಹೇಳ್ತೇನೆ. ಮಗ ಕಳೆದ ವರ್ಷ ಓದಲಿಕ್ಕೆ ಅಂತ ಬೆಂಗಳೂರಿಗೆ ಹೋದ. ಹೋಗುವಾಗ ಅವನ ನಿಂಟೆಂಡೊ ಸ್ವಿಚ್, ಟಿವಿಗೆ ಸಿಕ್ಕಿಸಿ ವಿಡಿಯೋ ಗೇಮ್ ಆಡುವ ಡಬ್ಬಿ, ಇಲ್ಲೇ ಬಿಟ್ಟ. "ಹಾಸ್ಟೆಲಿಗೆ ತಗೊಂಡು ಹೋದ್ರೆ ನಾನು ಪಾಸಾಗುದಿಲ್ಲ ಅಮ್ಮ" ಅಂದ. ಧೂಳು ಒರೆಸುತ್ತಾ ಒರೆಸುತ್ತಾ ಒಂದು ದಿನ ಆನ್ ಮಾಡಿದೆ. ಅಷ್ಟೇ ಆದದ್ದು. ಅದರೊಳಗೆ ಇದ್ದದ್ದು 2023ರ ಮೇ ತಿಂಗಳಲ್ಲಿ ಬಂದ ಜೆಲ್ಡಾ ಆಟ, ಟಿಯರ್ಸ್ ಆಫ್ ದಿ ಕಿಂಗ್‌ಡಮ್. ಕಥೆಯ ಹುಡುಗ ಲಿಂಕ್‌ನ ಬಲಗೈ ಕೆಟ್ಟುಹೋಗಿ ಅವನಿಗೆ ಬೇರೆಯವರ ಕೈ ಜೋಡಿಸಿರುತ್ತಾರೆ. ಆ ಕೈಗೆ ಅಲ್ಟ್ರಾಹ್ಯಾಂಡ್ ಅಂತ ಒಂದು ಶಕ್ತಿ. ದೂರದಲ್ಲಿ ಬಿದ್ದ ಹಲಗೆ, ಮರದ ದಿಮ್ಮಿ, ಚಕ್ರ, ಫ್ಯಾನ್ ಏನನ್ನಾದರೂ ಎತ್ತಿ ಒಂದಕ್ಕೊಂದು ಅಂಟಿಸಬಹುದು. ಹಸಿರು ಅಂಟು, ಥೇಟ್ ಹಲಸಿನ ಮೇಣದ ಹಾಗೆ ಜಗ್ಗುತ್ತದೆ. ಅದರಲ್ಲಿ ಗಾಡಿ ಮಾಡು, ದೋಣಿ ಮಾಡು, ಸೇತುವೆ ಮಾಡು, ನಿನ್ನ ಇಷ್ಟ. ಭಾರ, ವಾಲುವುದು, ಉರುಳುವುದು ಎಲ್ಲ ಲೆಕ್ಕ ಪ್ರಕಾರ. ಈ ಲೆಕ್ಕ ಸರಿ ಮಾಡಲಿಕ್ಕೆ ಕೂತ ಇಂಜಿನಿಯರಿಗೆ ದಿನಾ ಆಫೀಸಿನವರಿಂದ "ಮುರಿಯಿತು", "ಹಾರಿಹೋಯಿತು" ಅಂತ ದೂರು ಬರ್ತಿತ್ತಂತೆ. 2024ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಒಂದು ಸಮ್ಮೇಳನದಲ್ಲಿ ಅವರೇ ಹೇಳಿದ್ದು ಅಂತ ಮಗ ಹೇಳಿದ. ಪಾಪ ಅನಿಸಿತು. ಜೂನ್ ತಿಂಗಳಲ್ಲಿ ನಮ್ಮ ಮನೆಯಲ್ಲಿ ಕೇಳುವುದೂ ಈ ಎರಡೇ ಶಬ್ದ.

ಆ ಲೋಕದಲ್ಲಿ ಅಡಿಸನ್ ಅಂತ ಒಬ್ಬ ಇದ್ದಾನೆ. ಅವನ ಕೆಲಸ, ತನ್ನ ಕಂಪನಿಯ ಯಜಮಾನನ ಚಿತ್ರ ಇರುವ ಬೋರ್ಡನ್ನು ಊರೆಲ್ಲ ನಿಲ್ಲಿಸುವುದು. ಆದರೆ ನಿಲ್ಲಿಸಲಿಕ್ಕೆ ಅವನಿಗೆ ಬರುವುದಿಲ್ಲ. ಹಿಡ್ಕೊಂಡು ನಿಲ್ಲುತ್ತಾನೆ. ಬೆಟ್ಟದ ತುದಿಯಲ್ಲಿ, ದಾರಿಯ ಬದಿಯಲ್ಲಿ, ಮಳೆಯಲ್ಲಿ, ರಾತ್ರಿ ಎರಡು ಗಂಟೆಗೆ, ಎಲ್ಲಿ ಹೋದರೂ ಇವನೊಬ್ಬ ಬೋರ್ಡು ತಬ್ಬಿಕೊಂಡು ಅಳುಮೋರೆ ಮಾಡಿಕೊಂಡು ನಿಂತಿರುತ್ತಾನೆ. ಒಂದು ಕಡೆಯಲ್ಲ, ಎರಡು ಕಡೆಯಲ್ಲ, 81 ಕಡೆ! ಹತ್ತಿರದಲ್ಲೇ ಹಲಗೆಯ ರಾಶಿ ಇರುತ್ತದೆ. ಅದನ್ನು ತಂದು ಆಧಾರ ಕೊಡಬೇಕಾದವಳು ನಾನು.

ಸುಲಭ ಅಂತ ಕಾಣ್ತದೆ, ಅಲ್ವಾ? ಬಾಳೆಗಿಡಕ್ಕೆ ಕೋಲು ಕೊಟ್ಟ ಹಾಗೆ ಒಂದು ಹಲಗೆ ಓರೆ ಮಾಡಿ ಇಟ್ಟರೆ ಆಯ್ತು ಅಂತ ನಾನೂ ಎಣಿಸಿದ್ದೆ. ತೊಂದರೆ ಇರುವುದು ಹಲಗೆ ತಿರುಗಿಸುವುದರಲ್ಲಿ. ಅದು ನಮ್ಮ ಮನಸ್ಸಿಗೆ ಬಂದಷ್ಟು ತಿರುಗುವುದಿಲ್ಲ, ಒಂದು ಗುಂಡಿ ಒತ್ತಿದರೆ ಸರಿಯಾಗಿ 45 ಡಿಗ್ರಿ. ನಿಂತ ಹಲಗೆಯನ್ನು ಮಲಗಿಸಬೇಕು ಅಂತ ಮೇಲಿನ ಗುಂಡಿ ಒತ್ತಿದೆ, ನನ್ನ ಕಡೆಗೆ ವಾಲಿತು. ಬಲಕ್ಕೆ ಒತ್ತಿದೆ, ಗಾಳಿಪಟದ ಹಾಗೆ ಓರೆಯಾಯಿತು. ಸರಿ ಮಾಡುವ ಅಂತ ಎಡಕ್ಕೆ ಎರಡು ಸಲ ಒತ್ತಿದೆ, ಈಗ ಅದು ಮೊದಲು ಇದ್ದ ಹಾಗೂ ಇಲ್ಲ, ನನಗೆ ಬೇಕಾದ ಹಾಗೂ ಇಲ್ಲ. ಹತ್ತು ನಿಮಿಷ ಹಲಗೆ ಗಾಳಿಯಲ್ಲಿ ಯೋಗಾಸನ ಮಾಡಿತು. ನಾನು ಸೋಫಾದ ಮೇಲೆ ಅದರ ಜೊತೆಗೆ ಕುತ್ತಿಗೆ ಓರೆ ಮಾಡುತ್ತಾ, ಸೊಂಟ ತಿರುಗಿಸುತ್ತಾ ಕೂತಿದ್ದೆ. ನಾನು ವಾಲಿದರೆ ಹಲಗೆ ವಾಲುವುದಿಲ್ಲ ಅಂತ ಗೊತ್ತು. ಆದರೂ ವಾಲುತ್ತೇವೆ. ಕೊನೆಗೆ ಸಿಟ್ಟಲ್ಲಿ ಎಲ್ಲ ಗುಂಡಿ ಒತ್ತಿ ಹೇಗೋ ಮಲಗಿಸಿ, ಬೋರ್ಡಿನ ಕಾಲಿಗೆ ಒತ್ತಿ ಇಟ್ಟು, "ಬಿಡು" ಅಂದೆ. ಅವನು ಬಿಟ್ಟ. ಬೋರ್ಡು ಒಂದು ಕ್ಷಣ ನಿಂತಿತು. ಆಮೇಲೆ ನಾನು ಆಧಾರ ಕೊಡದೆ ಇದ್ದ ಇನ್ನೊಂದು ಕಡೆಗೆ, ತುಂಬಾ ಮರ್ಯಾದೆಯಿಂದ, ಮೆಲ್ಲ ಮಲಗಿತು.

ಅವನು ಓಡಿ ಹೋಗಿ ಮತ್ತೆ ಹಿಡ್ಕೊಂಡ. ಮತ್ತೆ ಅದೇ ಅಳುಮೋರೆ.

ನಿಂತರೆ ಎಂತ ಸಿಗ್ತದೆ ಅಂತ ಕೇಳಬೇಡಿ. 20 ರೂಪಿ. ಅಲ್ಲಿನ ದುಡ್ಡಿನ ಹೆಸರೂ ಅದೇ. ಕೆಲವು ಸಲ ಮೇಲಿಂದ ತಿನ್ನಲಿಕ್ಕೆ ಎಂತಾದರೂ ಕೊಡುತ್ತಾನೆ. ಮಗ ಫೋನಿನಲ್ಲಿ ನಗುತ್ತಾನೆ. "ಅಮ್ಮ, ಅವನನ್ನು ಬಿಡು. ನಾನು ಬೇಕಂತಲೇ ಬಿಟ್ಟದ್ದು. ಕೊನೇ ಫೈಟ್ ಮಾತ್ರ ಬಾಕಿ ಇರುದು, ಅದು ಮುಗಿಸು. ರಾಜಕುಮಾರಿ ಕಾಯ್ತಾ ಇದ್ದಾಳೆ." ರಾಜಕುಮಾರಿ ಕಾಯಲಿ ಮಾರಾಯ, ಅವಳಿಗೆ ಎಂತ ಅವಸರ. ಇಲ್ಲಿ ಈ ಮನುಷ್ಯನ ಕೈ ಸೋಲ್ತಾ ಉಂಟು. ಇವತ್ತಿಗೆ 23 ಬೋರ್ಡು ಆಯ್ತು.

ಈಗ ಸಿಟೌಟಿಗೆ ಬನ್ನಿ, ಇವರ ಕೈಯೂ ಸೋಲ್ತಾ ಇತ್ತು. ನಾನು ಮೊದಲು ಹಗ್ಗ ತಂದೆ. "ಹಗ್ಗ ಎಂತಕ್ಕೆ? ಕಟ್ಲಿಕ್ಕೆ ನನ್ನ ಕೈ ಎಲ್ಲಿ ಖಾಲಿ ಉಂಟು?" ಹಿಡಿಸೂಡಿಯ ಕೋಲು ತಂದೆ. "ಗಿಡ್ಡ ಆಯ್ತು." ಮಗನ ಹಳೆಯ ಕ್ರಿಕೆಟ್ ಸ್ಟಂಪು ತಂದೆ. "ನಿಂಗೆ ತಲೆ ಉಂಟಾ?" ತಲೆ ಇತ್ತು, ಅದರ ಮೇಲೆ ಟರ್ಪಾಲಿನಲ್ಲಿ ಕಟ್ಟಿನಿಂತ ನೀರು ಸುರಿಯುತ್ತಿತ್ತು. ಒಳಗೆ ನೀರುದೋಸೆ ಕರಿದ ಹಪ್ಪಳ ಆಗಿರುವ ವಾಸನೆ. ಆಗ ಕಣ್ಣಿಗೆ ಬಿದ್ದದ್ದು ಪಪ್ಪಾಯಿ ಕೊಯ್ಯುವ ದೋಟಿ. ತುದಿಯ ಕೊಕ್ಕೆಯನ್ನು ಬಿದಿರಿಗೆ ಸಿಕ್ಕಿಸಿ ಓರೆಯಾಗಿ ನಿಲ್ಲಿಸಿದೆ. ಬುಡ ಟೈಲ್ಸಿನ ಮೇಲೆ ಜಾರಿತು. ಪ್ಲಾಸ್ಟಿಕ್ ಕುರ್ಚಿ ತಂದು ಬುಡಕ್ಕೆ ಒತ್ತಿ ಇಟ್ಟೆ, ಕುರ್ಚಿಯೂ ಜೊತೆಯಲ್ಲಿ ಜಾರಿತು. ಭಾರ ಕಡಿಮೆ ಆಯ್ತು, ಅಡಿಸನ್‌ನ 9ನೇ ಬೋರ್ಡಿನಲ್ಲಿ ಆದದ್ದೂ ಇದೇ! ಹಿಂಬದಿಗೆ ಓಡಿ, ಯಾರೂ ಮುಟ್ಟದೆ ಪಾಚಿ ಹಿಡಿದಿದ್ದ ಅರೆಯುವ ಕಲ್ಲಿನ ಗುಂಡನ್ನು ಮಗುವಿನ ಹಾಗೆ ಎತ್ತಿ ತಂದು ಕುರ್ಚಿಯ ಮೇಲೆ ಕೂರಿಸಿದೆ. ಇನ್ನೊಂದು ಕಡೆಗೂ ಬೀಳಬಾರದಲ್ಲ, ಹಾಗಾಗಿ ತಂದಿದ್ದ ಹಗ್ಗವನ್ನು ಕಿಟಕಿಯ ಸರಳಿಗೆ ಎಳೆದು ಕಟ್ಟಿದೆ.

"ಬಿಡಿ" ಅಂದೆ.

"ಬೀಳ್ತದೆ."

"ಬಿಡಿ ಮಾರಾಯ್ರೆ."

ಬಿಟ್ಟರು. ನಿಂತಿತು. 20 ರೂಪಾಯಿ ಕೂಡ ಕೊಡಲಿಲ್ಲ.

ಒಂದು ಸಂಗತಿ ಮಗನಿಗೆ ಹೇಳಿಲ್ಲ. ಆ ಆಟದಲ್ಲಿ ನಾವು ಕಟ್ಟಿದ್ದು ಉಳಿಯುವುದಿಲ್ಲ, ಬಿಟ್ಟು ದೂರ ಹೋದರೆ ಮಾಯ. ಆದರೆ ಕಟ್ಟಿದ್ದರದ್ದು ಒಂದು ಪಟ್ಟಿ ಇರುತ್ತದೆ, ಕೊನೆಯ 30 ಮಾತ್ರ. ನಾನು ಆಡುವುದು ಅವನು ಅರ್ಧಕ್ಕೆ ಬಿಟ್ಟ ಆಟವನ್ನೇ. ಹಾಗಾಗಿ ಶುರುವಿನಲ್ಲಿ ಆ ಪಟ್ಟಿ ತುಂಬಾ ಅವನದ್ದೇ ಇತ್ತು. ಆರು ಚಕ್ರದ ಒಂದು ಗಾಡಿ, ಎದುರಿಗೆ ಬಾಗಿಲಿನ ಹಾಗೆ ಒಂದು ಹಲಗೆ, ಮೇಲೆ ಸುಮ್ನೆ ಒಂದು ಫ್ಯಾನ್. ಪಿಯುಸಿ ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಕಟ್ಟುತ್ತಾ ಕೂತಿದ್ದಕ್ಕೆ ನಾನು ಬೈದದ್ದು ನೆನಪುಂಟು. ನಾನು ಒಂದೊಂದು ಬೋರ್ಡಿಗೆ ಹಲಗೆ ಅಂಟಿಸಿದ ಹಾಗೆ ಅವನದ್ದು ಒಂದೊಂದು ಪಟ್ಟಿಯ ಕೆಳಗಿಂದ ಜಾರಿ ಹೋಗುತ್ತಿದೆ ಅಂತ ಗೊತ್ತಾಗುವಾಗ ಅರ್ಧ ಹೋಗಿತ್ತು. ಮೆಚ್ಚಿನದ್ದು ಅಂತ ಎಂಟನ್ನು ಬೇರೆ ತೆಗೆದಿಡಲಿಕ್ಕೆ ಆಗ್ತದೆ. ಎಂಟೂ ಜಾಗದಲ್ಲಿ ಅವನದ್ದೇ ಇಟ್ಟಿದ್ದೇನೆ. ಆರು ಚಕ್ರದ್ದು ಮೊದಲನೆಯದ್ದು. ಅದರಲ್ಲಿ ಕೂತು ಎಲ್ಲಿಗೂ ಹೋಗಲಿಕ್ಕೆ ಆಗುವುದಿಲ್ಲ, ಅದು ಬೇರೆ ವಿಷಯ.

ಸಂಜೆ ಮಗನ ಫೋನ್ ಬಂತು. ಇವರು ಸ್ಪೀಕರ್ ಹಾಕಿ ಟರ್ಪಾಲಿನ ಕಥೆ ಪೂರ್ತಿ ಹೇಳಿದರು. ಗಾಳಿ ಎಷ್ಟು ಜೋರಿತ್ತು, ಬಿದಿರು ಎಷ್ಟು ಭಾರ ಇತ್ತು, ಎಲ್ಲ.

"ಮತ್ತೆ ಹೇಗೆ ನಿಲ್ಲಿಸಿದ್ದು ಅಪ್ಪ?"

"ಎಂತ ಹೇಗೆ? ನಾನು ಹಿಡ್ಕೊಂಡೆ."

ನಾನು ಮಾತಾಡಲಿಲ್ಲ. ಕಿಟಕಿಯಿಂದ ಪಪ್ಪಾಯಿ ಮರ ಕಾಣುತ್ತಿತ್ತು. ಎರಡು ಹಣ್ಣು ಸರಿಯಾಗಿ ಬಲಿತು ಹಳದಿಯಾಗಿದೆ, ನಾಳೆಗೆ ಕೊಯ್ಯಬೇಕು. ಕೊಯ್ಯಬೇಕಾದರೆ ದೋಟಿ ಬೇಕು, ದೋಟಿ ತೆಗೆದರೆ ಟರ್ಪಾಲು ಬೀಳ್ತದೆ. ಟರ್ಪಾಲು ಬಿಚ್ಚುವುದು ದೀಪಾವಳಿಗೆ. ಕಾಗೆ ಆಗಲೇ ಬಂದು ಕೂತಿದೆ.