ನೀರಿಲ್ಲದ ಡಬ್ಬಿಯೊಳಗೆ ನೀರಿನ ಅಲಾರಂ

ಏಪ್ರಿಲ್ ಕೊನೆಯ ವಾರ. ನೇತ್ರಾಣಿ ದ್ವೀಪದ ಬುಡದಲ್ಲಿ, 14 ಮೀಟರ್ ಆಳದಲ್ಲಿ, ಬಂಡೆಗೆ ಮುಖ ಕೊಟ್ಟುಕೊಂಡು ಒಂದು ನ್ಯೂಡಿಬ್ರಾಂಕ್ ಹಿಂದೆ ಬಿದ್ದಿದ್ದೆ. ನೋಡದವರಿಗೆ ಹೇಳುವುದಾದರೆ, ಚಿಪ್ಪು ಕಳಚಿಟ್ಟು ಜರಿ ಸೀರೆ ಉಟ್ಟ ಬಸವನಹುಳು. ಅದು ಸರಿಯಾಗಿ ಫೋಕಸ್‌ಗೆ ಬರುವ ಹೊತ್ತಿಗೆ ಕ್ಯಾಮೆರಾ ಒದ್ದೆಯಾಗದಂತೆ ಕಾಪಾಡುವ ಡಬ್ಬಿ, ಅಂದರೆ ಹೌಸಿಂಗ್‌ನ ಹಿಂಬದಿಯ ಕೆಂಪು ದೀಪ ಪಟಪಟ ಮಿನುಗತೊಡಗಿತು. ಜೊತೆಗೆ ಕೀಂ ಕೀಂ ಸದ್ದು. ಲೀಕ್ ಅಲಾರಂ!

ಎದೆ ಧಸಕ್ಕೆಂದಿತು. ಒಳಗಿರುವುದು ಇನ್ನೂ ಎರಡು ಕಂತು ಬಾಕಿ ಇರುವ ಕ್ಯಾಮೆರಾ. ಹೊರಗಿರುವುದು ಅರಬ್ಬೀ ಸಮುದ್ರ. ಕಾಲು ತನ್ನಷ್ಟಕ್ಕೇ ಮೇಲಕ್ಕೆ ಒದೆಯಲು ಶುರುಮಾಡಿತ್ತು, ನನ್ನ ಬಡ್ಡಿ (ಸಾಲದ ಬಡ್ಡಿಯಲ್ಲ, ಡೈವಿಂಗ್ ಜೊತೆಗಾರ) ಕಾಲಿನ ಈಜುರೆಕ್ಕೆ ಹಿಡಿದು ಎಳೆದ. ಅವನಿಗೆ ಈಗಲೂ ಋಣಿ. ನಿಮಿಷಕ್ಕೆ 9 ಮೀಟರ್‌ಗಿಂತ ಜೋರಾಗಿ ಏರಬಾರದು, 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಬೇಕು ಎಂದು ಮೊದಲ ದಿನವೇ ಬಾಯಿಪಾಠ ಮಾಡಿಸಿರುತ್ತಾರೆ. ಆ 3 ನಿಮಿಷ ಡೋಮ್ ಪೋರ್ಟ್ (ಲೆನ್ಸ್ ಮುಂದಿನ ಗುಮ್ಮಟದಂಥ ಗಾಜು) ಕೆಳಮುಖ ಮಾಡಿ ನೇತಾಡಿದೆ. ನೀರು ನುಗ್ಗಿದ್ದರೆ ಗಾಜಿನ ಬಟ್ಟಲಲ್ಲಿ ನಿಲ್ಲಲಿ, ಲೆನ್ಸ್ ಹೋದರೂ ಬಾಡಿ ಉಳಿಯಲಿ ಎಂದು. ಜೀವನದ ಅತಿ ಉದ್ದದ 3 ನಿಮಿಷ ಅದು.

ದೋಣಿಗೆ ಹತ್ತಿ, ಮೈ ಒರೆಸಿಕೊಳ್ಳದೆ, ಲ್ಯಾಚ್ ತೆಗೆದು ನೋಡಿದರೆ ಒಳಗೆ ಒಣಗಿದ ತೆಂಗಿನ ಗರಿಯಷ್ಟು ಒಣ. ಟಿಶ್ಯೂ ಹಾಕಿ ಮೂಲೆ ಮೂಲೆ ಒರೆಸಿದೆ. ತೇವದ ಸುಳಿವಿಲ್ಲ.

"ನೀರೇ ಇಲ್ವಲ್ಲ ಮಾರಾಯ್ರೆ! ಆ ಪೀಪಿಯ ವಯರು ಕಿತ್ತು ಬಿಸಾಡಿ" ಅಂದರು ದೋಣಿಯವರು.

ಈ ಸಲಹೆ ಕೊಟ್ಟವರು ಅವರೊಬ್ಬರೇ ಅಲ್ಲ. ವಾಟ್ಸಾಪ್ ಗುಂಪಿನಲ್ಲಿ ಕೇಳಿದಾಗ ಮುಕ್ಕಾಲು ಪಾಲು ಜನ ಅದನ್ನೇ ಹೇಳಿದರು. ಉಳಿದವರು ಓ-ರಿಂಗಿಗೆ (ಡಬ್ಬಿಯ ಅಂಚಿನ ರಬ್ಬರ್ ಬಳೆ) ಇನ್ನಷ್ಟು ಗ್ರೀಸ್ ಹಚ್ಚಲು ಹೇಳಿದರು. ಈ ಎರಡೂ ಸಲಹೆಗಳ ಮೇಲೆ ನನಗೆ ಸಿಟ್ಟಿದೆ. ಗ್ರೀಸ್ ನೀರು ತಡೆಯುವುದಿಲ್ಲ ಸ್ವಾಮಿ, ರಬ್ಬರ್ ತಡೆಯುತ್ತದೆ. ರಿಂಗು ಜಾರಿ ತನ್ನ ತೋಡಿನಲ್ಲಿ ಸರಿಯಾಗಿ ಕೂರಲಿ ಅಂತಷ್ಟೇ ಗ್ರೀಸು, ತೆಳ್ಳಗೆ ಹೊಳೆಯುವಷ್ಟು ಸಾಕು. ದೋಸೆ ಕಾವಲಿಗೆ ಎಣ್ಣೆ ಸುರಿದ ಹಾಗೆ ಬಳಿದರೆ ಮರಳು, ತಲೆಕೂದಲು, ಟವೆಲಿನ ನೂಲು ಎಲ್ಲವೂ ಬಂದು ಅಂಟಿಕೊಳ್ಳುತ್ತವೆ. ರಿಂಗಿನ ಅಡ್ಡಕ್ಕೆ ಒಂದೇ ಒಂದು ಕೂದಲು ಬಿದ್ದಿದ್ದರೂ ನಿಜವಾದ ಸೋರಿಕೆಗೆ ಅದು ಸಾಕು.

ವಯರು ಕೀಳುವ ಮೊದಲು ಆ ವಯರಿಗೆ ಏನು ಗೊತ್ತಿದೆ ಎಂದು ನೋಡೋಣ ಅನ್ನಿಸಿತು. ಹೊಟ್ಟೆಪಾಡಿಗೆ ಎಲೆಕ್ಟ್ರಾನಿಕ್ಸ್ ಮಾಡುವವನು ನಾನು, ಅಷ್ಟೂ ಮಾಡದಿದ್ದರೆ ನಾಚಿಕೆ. ಹೌಸಿಂಗ್‌ನ ತಳದಲ್ಲಿ ಎರಡು ತಾಮ್ರದ ಗೆರೆಗಳು, ನಡುವೆ ಒಂದೆರಡು ಮಿಲಿಮೀಟರ್ ಜಾಗ. ಒಂದು ಸಿಆರ್2032 ಬಟನ್ ಸೆಲ್, ಒಂದು ದೊಡ್ಡ ರೆಸಿಸ್ಟರ್, ಒಂದು ಟ್ರಾನ್ಸಿಸ್ಟರ್, ದೀಪ, ಬಜರ್. ಗೆರೆಗಳ ನಡುವೆ ಸಮುದ್ರದ ಹನಿ ಬಿದ್ದರೆ ಕರೆಂಟು ದಾಟುತ್ತದೆ, ಬಜರ್ ಕೂಗುತ್ತದೆ. ಇಷ್ಟೇ ಸಂಸಾರ. ಅಂದರೆ ಈ ಅಲಾರಂಗೆ ನೀರು ಅಂದರೆ ಏನೆಂದೇ ಗೊತ್ತಿಲ್ಲ. ಎರಡು ಗೆರೆಗಳ ನಡುವಿನ ತಡೆ ಕಡಿಮೆಯಾಯಿತು ಎನ್ನುವುದಷ್ಟೇ ಅದಕ್ಕೆ ಗೊತ್ತು. ಅದನ್ನು 'ಲೀಕ್' ಎಂದು ಓದಿಕೊಂಡವನು ನಾನು.

ಹಾಗಾದರೆ ತಡೆ ಕಡಿಮೆ ಮಾಡಿದ್ದು ಯಾರು?

ಆ ರಾತ್ರಿ ಮುರುಡೇಶ್ವರದ ಲಾಡ್ಜಿನಲ್ಲಿ ಎಸಿ ಹಾಕಿಕೊಂಡು ಕೂತೆ. ಮೊದಲ ಅನುಮಾನ ಸೆಲ್ ಮೇಲೆ. ಹೊಸದರಲ್ಲಿ 3 ವೋಲ್ಟಿಗೆ ಸ್ವಲ್ಪ ಮೇಲಿರಬೇಕು, ನನ್ನದು 2.7 ತೋರಿಸಿತು. ಸೆಲ್ ಸೊರಗಿದರೆ ಕೆಲವು ಸರ್ಕ್ಯೂಟುಗಳು ಸುಮ್ಮಸುಮ್ಮನೆ ಕೂಗುವುದುಂಟು. ಬದಲಿಸಿದೆ, ಸದ್ದು ನಿಂತಿತು. ಗೆದ್ದೆ ಅಂದುಕೊಂಡು ಮಲಗಿದೆ. ಬೆಳಿಗ್ಗೆ ದೋಣಿ ಹತ್ತಿ ಅರ್ಧ ಗಂಟೆಯಾಗಿಲ್ಲ, ನೀರಿಗೆ ಇಳಿಯುವ ಮೊದಲೇ, ಡೆಕ್ಕಿನ ಮೇಲೇ ಮತ್ತೆ ಕೀಂ ಕೀಂ! ಜೊತೆಗಾರ ನಕ್ಕ. ನಾನು ನಗಲಿಲ್ಲ, ಆದರೆ ಒಳಗೊಳಗೇ ಖುಷಿಯಾಯಿತು. ಎಸಿ ಕೋಣೆಯಲ್ಲಿ ಸುಮ್ಮನಿದ್ದು ಕಡಲ ಗಾಳಿಗೆ ಕೂಗುವ ರೋಗಕ್ಕೆ ಮದ್ದು ಹುಡುಕಬಹುದು.

ಇಲ್ಲೊಂದು ಅಡ್ಡಮಾತು. ಜೊತೆಗಾರನ ಹೌಸಿಂಗ್‌ನಲ್ಲಿ ವ್ಯಾಕ್ಯೂಮ್ ಅಲಾರಂ ಇದೆ. ಪಂಪಿನಿಂದ ಒಳಗಿನ ಗಾಳಿ ಸ್ವಲ್ಪ ಎಳೆದು ತೆಗೆಯುವುದು, ಒತ್ತಡ ಹಾಗೇ ನಿಂತರೆ ಹಸಿರು ದೀಪ, ಏರಿದರೆ ಕೆಂಪು. ನೀರಿಗೆ ಇಳಿಯುವ ಮೊದಲೇ ಗೊತ್ತಾಗುವುದರಿಂದ ನನ್ನದಕ್ಕಿಂತ ಎಷ್ಟೋ ಮೇಲು. ಆದರೆ ಅದೂ ಅಂದು ಬೆಳಿಗ್ಗೆ ಕೆಂಪು ತೋರಿಸಿತು! ಲೆಕ್ಕ ಹಾಕಿದೆವು. 24 ಡಿಗ್ರಿಯ ಕೋಣೆಯಲ್ಲಿ 800 ಮಿಲಿಬಾರ್‌ಗೆ ಇಳಿಸಿ ಮುಚ್ಚಿದ ಡಬ್ಬಿ 36 ಡಿಗ್ರಿಯ ಬಿಸಿಲಿಗೆ ಬಂದರೆ, ಒಂದು ಚೂರೂ ಸೋರದೆ, ಒಳಗಿನ ಒತ್ತಡ ಸುಮಾರು 4 ಶೇಕಡಾ, ಅಂದರೆ 32 ಮಿಲಿಬಾರ್ ಏರುತ್ತದೆ. ತಾಪಮಾನ ಲೆಕ್ಕಕ್ಕೆ ಹಿಡಿಯದ ಸರ್ಕ್ಯೂಟಿಗೆ ಅದು ಸೋರಿಕೆಯೇ. ಒದ್ದೆ ಟವೆಲ್ ಹೊದೆಸಿ ನೆರಳಿಗಿಟ್ಟು ಮತ್ತೊಮ್ಮೆ ಪಂಪ್ ಹೊಡೆದ ಮೇಲೆ ಹಸಿರು ನಿಂತಿತು.

ನನ್ನದಕ್ಕೆ ಬರೋಣ. ಊರಿಗೆ, ಅಂದರೆ ಉಡುಪಿ ಹತ್ತಿರದ ಮನೆಗೆ, ತಂದು ಭೂತಗನ್ನಡಿ ಇಟ್ಟು ನೋಡಿದೆ. ಎರಡು ಗೆರೆಗಳ ನಡುವೆ ಸಣ್ಣ ಬಿಳಿ ಪೊರೆ, ಅಂಚಿನಲ್ಲಿ ಹಸಿರು ಕಿಲುಬು. ಮೀಟರ್ ಇಟ್ಟರೆ ಒಣಗಿದ್ದಾಗ ರೇಂಜಿಗೇ ಸಿಗದಷ್ಟು ತಡೆ. ಹಾ ಎಂದು ಬಾಯಿ ಉಸಿರು ಬಿಟ್ಟೆ, ತಡೆ 400 ಕಿಲೋ ಓಮ್‌ಗೆ ಬಿತ್ತು, ಬಜರ್ ಕೂಗಿತು. ಸಿಕ್ಕಿಬಿದ್ದ ಕಳ್ಳ.

ಐಸೋಪ್ರೊಪೈಲ್ ಆಲ್ಕೊಹಾಲ್ ಹಾಕಿ ಬ್ರಷ್‌ನಿಂದ ಉಜ್ಜಿದೆ. ಎಲ್ಲ ಯೂಟ್ಯೂಬ್ ಪಂಡಿತರೂ ಹೇಳುವುದು ಅದನ್ನೇ. ಒಣಗಿಸಿ ಉಸಿರು ಬಿಟ್ಟೆ. ಮತ್ತೆ ಕೂಗಿತು. ಇನ್ನೊಮ್ಮೆ ಉಜ್ಜಿದೆ. ಮತ್ತೆ ಕೂಗಿತು. ಕಂಪನಿಗೆ ಮೇಲ್ ಹಾಕಿದೆ. (ಹೆಸರು ಬೇಡ.) ಎರಡು ವಾರ ಬಿಟ್ಟು ಉತ್ತರ ಬಂತು: ಇದು ರಿಪೇರಿ ಆಗುವಂಥದ್ದಲ್ಲ, ಇಡೀ ಬೋರ್ಡ್ ಬದಲಿಸಬೇಕು. ಅವರು ಹೇಳಿದ ಬೆಲೆಗೆ ನೇತ್ರಾಣಿಗೆ ಎರಡು ಸಲ ಹೋಗಿ ಬರಬಹುದು. ಐವತ್ತು ರೂಪಾಯಿಯ ಬಿಡಿಭಾಗಗಳ ಮೇಲೆ ಎಪಾಕ್ಸಿ ಸುರಿದು, ಯಾರೂ ಮುಟ್ಟದ ಹಾಗೆ ಮಾಡಿ, ಆಮೇಲೆ ರಿಪೇರಿ ಆಗುವುದಿಲ್ಲ ಎನ್ನುವುದು ಯಾವ ನ್ಯಾಯ? ನೀರಿನಿಂದ ಕಾಪಾಡಲು ಎಪಾಕ್ಸಿ ಬೇಕು, ಒಪ್ಪುತ್ತೇನೆ. ಸೆನ್ಸರ್ ಗೆರೆಗಳನ್ನಾದರೂ ಪ್ಲಗ್‌ನಲ್ಲಿ ಬಿಚ್ಚಿ ಬದಲಿಸುವ ಹಾಗೆ ಕೊಡಬಹುದಿತ್ತಲ್ಲ? ಹತ್ತಾರು ಸಲ ಉಪ್ಪುನೀರಿನ ಹತ್ತಿರ ಹೋಗಿಬರುವ ತಾಮ್ರ ಸವೆಯದೆ ಇರುತ್ತದೆಯೇ?

ಆಲ್ಕೊಹಾಲ್ ಸೋತದ್ದು ಯಾಕೆ ಎಂದು ಹೊಳೆದದ್ದು ಅಡುಗೆಮನೆಯಲ್ಲಿ. ಮೇ ತಿಂಗಳ ಮೊದಲ ಗುಡುಗು ಮಳೆ ಬಂದ ಸಂಜೆ, ಅಮ್ಮ ಉಪ್ಪಿನ ಭರಣಿಯ ಮುಚ್ಚಳ ತೆಗೆದು "ಇಕಾ, ಈಗಲೇ ನೀರೊಡೆಯಿತು" ಎಂದು ಗೊಣಗಿದರು. ಹರಳುಪ್ಪು ಗಾಳಿಯ ತೇವ ಕುಡಿದು ತಳದಲ್ಲಿ ನೀರು ಬಿಟ್ಟಿತ್ತು. ಕರಾವಳಿಯ ಯಾವ ಮನೆಗೂ ಇದು ಹೊಸತಲ್ಲ. ಶುದ್ಧ ಉಪ್ಪು ನೀರೊಡೆಯಲು ಗಾಳಿಯಲ್ಲಿ 75 ಶೇಕಡಾ ತೇವಾಂಶ ಬೇಕು. ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಅದಕ್ಕಿಂತ ಎಷ್ಟೋ ಮೊದಲೇ ಬೆವರುತ್ತದೆ. ನನ್ನ ಸೆನ್ಸರ್ ಮೇಲಿದ್ದ ಬಿಳಿ ಪೊರೆ ಅಮ್ಮನ ಭರಣಿಯ ಪುಟ್ಟ ತಂಗಿ. ಅದಕ್ಕೇ ಎಸಿಯಲ್ಲಿ ಮೌನ, ದೋಣಿಯಲ್ಲಿ ಕೂಗಾಟ. ಇನ್ನು ಉಪ್ಪು ಆಲ್ಕೊಹಾಲ್‌ನಲ್ಲಿ ಕರಗುವುದು ಅಷ್ಟಕ್ಕಷ್ಟೇ! ನಾನು ಅದನ್ನು ತೊಳೆದಿರಲಿಲ್ಲ, ಬ್ರಷ್‌ನಿಂದ ಆಚೀಚೆ ಹರಡಿದ್ದೆ ಅಷ್ಟೇ. ಹತ್ತನೇ ಕ್ಲಾಸಿನ ಪಾಠ, ಇಪ್ಪತ್ತು ವರ್ಷದ ಅನುಭವದವನಿಗೆ ಹೊಳೆಯಲಿಲ್ಲ.

ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇತ್ತು. ಸೆಲ್ ತೆಗೆದಿಟ್ಟು, ಆ ನೀರಿನಲ್ಲೇ ಮೂರು ಸಲ ಮೆತ್ತಗೆ ಉಜ್ಜಿ ತೊಳೆದೆ. ಆಮೇಲೆ ಆಲ್ಕೊಹಾಲ್, ಉಳಿದ ನೀರನ್ನು ಓಡಿಸಲು. ಒಂದು ರಾತ್ರಿ ಫ್ಯಾನಿನ ಕೆಳಗೆ ಇಟ್ಟೆ. ಬೆಳಿಗ್ಗೆ ಉಸಿರು ಬಿಟ್ಟರೆ ಮೀಟರ್ ಒಮ್ಮೆ ಅಲ್ಲಾಡಿ ಮತ್ತೆ ರೇಂಜಿನಾಚೆ ಹೋಯಿತು. ಒದ್ದೆ ಬೆರಳಿಟ್ಟರೆ ಮಾತ್ರ ಬಜರ್ ಕಿರುಚಿತು. ಹಾಗೇ ಇರಬೇಕು.

ಉಪ್ಪು ಒಳಗೆ ಹೋದದ್ದು ಹೇಗೆ? ಸೋರಿಕೆಯಿಂದಲ್ಲ, ನನ್ನ ತಲೆಕೂದಲಿನಿಂದ. ಪ್ರತಿ ಡೈವ್ ಮುಗಿದ ಕೂಡಲೇ, ಒದ್ದೆ ತಲೆಯಲ್ಲಿ ಬಗ್ಗಿ ಡಬ್ಬಿ ತೆರೆದು ಫೋಟೋ ನೋಡುವ ಚಪಲ. ತೊಟ್ಟಿಕ್ಕಿದ ಹನಿ ಒಣಗಿ, ಉಪ್ಪು ಮಾತ್ರ ಉಳಿದು, ಒಂದು ಸೀಸನ್ ಇಡೀ ಕೂಡಿಟ್ಟ ಗಂಟು ಅದು. ಈ ಚಪಲದಿಂದ ಇನ್ನೊಂದು ಎಡವಟ್ಟೂ ಇದೆ. ಡೆಕ್ಕಿನ ಮೇಲಿನ ಬಿಸಿ ತೇವದ ಗಾಳಿ ತುಂಬಿಸಿ ಮುಚ್ಚಿದರೆ, ಕೆಳಗಿನ ತಂಪಿಗೆ ಅದೇ ಗಾಳಿ ಒಳಗೋಡೆಯಲ್ಲಿ ಇಬ್ಬನಿ ಕಟ್ಟುತ್ತದೆ. ಹಳೆಯ ಡೈವರ್ ಒಬ್ಬರು ಕಲಿಸಿದ ಉಪಾಯ: ಒಳಗೆ ಹನಿ ಕಂಡರೆ ಬೆರಳಲ್ಲಿ ತೆಗೆದು ನಾಲಿಗೆಗೆ ತಾಗಿಸಿ. ಸಪ್ಪೆಯಾದರೆ ಇಬ್ಬನಿ, ಉಪ್ಪಾದರೆ ಸಮುದ್ರ.

ಅಲಾರಂ ಸರಿಹೋಯಿತು ಎಂದಮಾತ್ರಕ್ಕೆ ಹೌಸಿಂಗ್ ಸೋರುವುದಿಲ್ಲ ಎಂದಾಗಲಿಲ್ಲವಲ್ಲ. ಹಾಗಾಗಿ ಖಾಲಿ ಡಬ್ಬಿಯೊಳಗೆ ಟಿಶ್ಯೂ ಹಾಸಿ ಮನೆಯ ಬಾವಿಗೆ ಇಳಿಸಿದೆ. ಮೊದಲ ಸಲ ತೇಲಿತು. ಎರಡೂವರೆ ಕಿಲೋ ಕಲ್ಲು ಕಟ್ಟಿದೆ, ಆಗಲೂ ತೇಲಿತು. ಕಲ್ಲೂ ನೀರಿನಲ್ಲಿ ತನ್ನ ತೂಕದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕಳೆದುಕೊಳ್ಳುತ್ತದೆ ಎನ್ನುವುದು ನೆನಪಿಗೆ ಬಂದು ಇನ್ನೊಂದು ಕಲ್ಲು ಕಟ್ಟಿದೆ.

"ಕುಡಿಯುವ ನೀರಿನ ಬಾವಿಗೆ ಆ ಸಮುದ್ರದ ಡಬ್ಬಿ ಇಳಿಸ್ತಿಯಲ್ಲ, ಮಡಿ ಮೈಲಿಗೆ ಬಿಡು, ಬುದ್ಧಿಯಾದರೂ ಬೇಡವಾ?" ಅಮ್ಮ.

ತೊಳೆದಿದ್ದೇನೆ ಅಮ್ಮಾ ಅಂದೆ. ಎರಡಾಳು ನೀರಿನಲ್ಲಿ ಒಂದು ಗಂಟೆ ಇಟ್ಟು ಎತ್ತಿದೆ. ಎರಡಾಳು ನೀರು ಯಾವ ಪರೀಕ್ಷೆ ಅನ್ನಬೇಡಿ. ಆಳದಲ್ಲಿ ಒತ್ತಡವೇ ರಿಂಗನ್ನು ಅದುಮಿ ಬಿಗಿಮಾಡುತ್ತದೆ, ಸಡಿಲ ರಿಂಗು ಎಷ್ಟೋ ಸಲ ಸೋರುವುದು ಮೇಲಿನ ನೀರಿನಲ್ಲೇ. ಟಿಶ್ಯೂ ಒಣಗೇ ಇತ್ತು.

ರೆಸಿಸ್ಟರ್ ಬದಲಿಸಿ ಅಲಾರಂನ ಚುರುಕು ಸ್ವಲ್ಪ ಮಂದ ಮಾಡಬಾರದೇಕೆ ಎಂದು ಗುಂಪಿನಲ್ಲಿ ಒಬ್ಬರು ಕೇಳಿದ್ದಾರೆ. ಮಾಡಬಹುದು, ಮಾಡಲಿಲ್ಲ. ಸಮುದ್ರದ ನೀರಿಗಿಂತ ಸಿಹಿನೀರಿನಲ್ಲಿ ಕರೆಂಟು ಹರಿಯುವುದು ತುಂಬ ಕಡಿಮೆ. ಮಂದ ಮಾಡಿದರೆ, ಡೈವ್ ಮುಗಿಸಿ ತೊಳೆಯುವ ಸಿಹಿನೀರಿನ ತೊಟ್ಟಿಯಲ್ಲಿ ಸೋರಿದಾಗ ಅದು ಬಾಯಿ ಬಿಡದೆ ಹೋಗಬಹುದು. ಸೋರುವುದು ಅಲ್ಲೂ ಉಂಟು, ತೊಟ್ಟಿಯಲ್ಲಿ ನಾಲ್ಕು ಹೌಸಿಂಗ್‌ಗಳು ಡಿಕ್ಕಿ ಹೊಡೆದು ಲ್ಯಾಚ್ ಸಡಿಲವಾಗುವುದನ್ನು ಕಂಡಿದ್ದೇನೆ.

ಈಗ ಜುಲೈ. ಕಡಲು ಕೆರಳಿದೆ, ಮಳೆಗಾಲ ಮುಗಿಯುವವರೆಗೆ ನೇತ್ರಾಣಿಗೆ ದೋಣಿಯಿಲ್ಲ. ಮೂರು ವಾರದಿಂದ ಹೌಸಿಂಗ್ ಅನ್ನು ಬಾಗಿಲು ತೆರೆದು, ಅಲಾರಂ ಆನ್ ಮಾಡಿ, ಅಡುಗೆಮನೆಯಲ್ಲಿ ಉಪ್ಪಿನ ಭರಣಿಯ ಪಕ್ಕದಲ್ಲೇ ಇಟ್ಟಿದ್ದೇನೆ. ಭರಣಿಯ ತಳದಲ್ಲಿ ಎರಡು ಬೆರಳು ನೀರು ನಿಂತಿದೆ. ಡಬ್ಬಿ ಇನ್ನೂ ಬಾಯಿ ಬಿಟ್ಟಿಲ್ಲ.