ನಿಮ್ಮ ಗುಂಡಿ ನಮಗೆ ತಲುಪಿದೆ

ಬೆಂಗಳೂರಿನ ರಸ್ತೆ ಕೆಲಸ ಇನ್ನೂ ಹಳೇ ಕಾಲದಲ್ಲೇ ಇದೆ ಎಂದು ಗೊಣಗುವವರೆಲ್ಲ ಮಾಡುವ ತಪ್ಪು ಒಂದೇ. ಅವರು ರಸ್ತೆ ನೋಡುತ್ತಾರೆ. ನೋಡಬೇಕಾದ್ದು ಫೋನು.

ಫೋನಿನಲ್ಲಿ ಏನಿಲ್ಲ ಹೇಳಿ. ಗುಂಡಿಯ ಫೋಟೊ ಹಾಕಲು ‘ಫಿಕ್ಸ್ ಮೈ ಸ್ಟ್ರೀಟ್’ ಎಂಬ ಆ್ಯಪ್ ಬಂತು. ಅದು ಸಾಲದೆಂದು 2024ರಲ್ಲಿ ‘ರಸ್ತೆ ಗುಂಡಿ ಗಮನ’ ಬಂತು. ಫೋಟೊ ತೆಗೆಯುವಷ್ಟು ಹೊತ್ತು ನಡುರಸ್ತೆಯಲ್ಲಿ ನಿಲ್ಲಲಾಗದವರು ಬಾಯಲ್ಲೇ ಹೇಳಿಕೊಳ್ಳಲಿ ಎಂದು ಸಹಾಯವಾಣಿ 1533 ಇದೆ. ಮಳೆ ಎಲ್ಲಿ ಎಷ್ಟು ಸುರಿಯಿತೆಂದು ತಿಳಿಸಲು ‘ಮೇಘ ಸಂದೇಶ’ ಇದೆ. ರಾಜಕಾಲುವೆಯಲ್ಲಿ ನೀರು ಎಷ್ಟು ಏರಿತೆಂದು ಹೇಳುವ ಸೆನ್ಸರುಗಳಿವೆ. ಗುಂಡಿ ಮುಚ್ಚಲೆಂದೇ ಪೈಥಾನ್ ಎಂಬ ಯಂತ್ರವನ್ನೂ ತರಿಸಿದ್ದರು. ಆ ಹೆಬ್ಬಾವು ನುಂಗಿದ ಗುಂಡಿಗಳಿಗಿಂತ ಹೈಕೋರ್ಟಿನವರೆಗೆ ಹೋದ ಅದರ ಬಿಲ್ಲಿನ ಜಗಳಕ್ಕೇ ಹೆಚ್ಚು ಹೆಸರು ಬಂತು, ಇರಲಿ.

ಒಂದು ಗುಂಡಿಯನ್ನು ಊಹಿಸಿಕೊಳ್ಳಿ. ಯಾವುದೋ ಬಡಾವಣೆ, ಯಾವುದೋ ಮುಖ್ಯರಸ್ತೆ, ಬೇಕರಿಯ ಎದುರು. ಪ್ರಜ್ಞಾವಂತ ನಾಗರಿಕರೊಬ್ಬರು ಅದರ ಫೋಟೊ ತೆಗೆದು, ಅಕ್ಷಾಂಶ ರೇಖಾಂಶ ಸಮೇತ ಕಳಿಸುತ್ತಾರೆ. ಕ್ಷಣದಲ್ಲೇ ಉತ್ತರ: ದೂರು ಸ್ವೀಕರಿಸಲಾಗಿದೆ, ಸಂಖ್ಯೆ ಇಷ್ಟು. ಹಿಂದೆ ಇಷ್ಟಕ್ಕೇ ಒಂದು ದಿನ ರಜೆ ಹಾಕಬೇಕಿತ್ತು. ದೂರು ವಾರ್ಡಿನ ಇಂಜಿನಿಯರಿಗೆ ಹೋಗುತ್ತದೆ. ಅವರು ಅದು ಪ್ರಮುಖ ರಸ್ತೆಗಳ ವಿಭಾಗಕ್ಕೆ ಸೇರಿದ್ದೆಂದು ಮುಂದಕ್ಕೆ ತಳ್ಳುತ್ತಾರೆ. ಆ ವಿಭಾಗದವರು ಇದು ಗುಂಡಿಯೇ ಅಲ್ಲ, ಜಲಮಂಡಳಿ ಪೈಪಿಗೆ ಅಗೆದ ಜಾಗ ಎನ್ನುತ್ತಾರೆ. ಜಲಮಂಡಳಿಯವರು ಅಗೆಯುವ ಮುಂಚೆಯೇ ರಸ್ತೆ ದುರಸ್ತಿಯ ಶುಲ್ಕವನ್ನು ಪಾಲಿಕೆಗೆ ಕಟ್ಟಿದ್ದೇವೆ, ಮುಚ್ಚುವ ಧರ್ಮ ಅವರದ್ದು ಎನ್ನುತ್ತಾರೆ. ಎಲ್ಲರ ಮಾತೂ ಸತ್ಯ, ಎಲ್ಲರ ಬಳಿಯೂ ದಾಖಲೆ. ಸತ್ಯ ಇಷ್ಟು ಸ್ಪಷ್ಟವಾದ ಮೇಲೆ ದೂರಿಗೇನು ಕೆಲಸ? ಮಾರನೇ ದಿನ ಸಂದೇಶ ಬರುತ್ತದೆ: ನಿಮ್ಮ ದೂರನ್ನು ಪರಿಹರಿಸಲಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ?

ನಾಗರಿಕರು ಬೇಕರಿಗೆ ಹೋಗಿ ನೋಡುತ್ತಾರೆ. ಗುಂಡಿ ಆರೋಗ್ಯವಾಗಿದೆ. ಸಿಟ್ಟಿನಿಂದ ಇನ್ನೊಂದು ದೂರು ಹಾಕುತ್ತಾರೆ. ಹೊಸ ಸಂಖ್ಯೆ, ಹೊಸ ಪಯಣ, ಮತ್ತೆ ಪರಿಹಾರ. ಇಲಾಖೆಯ ದೃಷ್ಟಿಯಿಂದ ಲೆಕ್ಕ ಹಾಕಿದರೆ ಇದರ ಸೊಗಸು ತಿಳಿಯುತ್ತದೆ. ಡಾಂಬರು ಹಾಕಿ ಮುಚ್ಚಿದ ಗುಂಡಿ ಅಂಕಿಅಂಶದಲ್ಲಿ ಒಂದೇ ಸಲ ಪರಿಹಾರವಾಗಿ ಸತ್ತುಹೋಗುತ್ತದೆ. ಮುಚ್ಚದೆ ಉಳಿಸಿಕೊಂಡ ಗುಂಡಿ ಮಳೆಗಾಲವೊಂದರಲ್ಲೇ ಆರೇಳು ಸಲ ಪರಿಹಾರವಾಗಬಲ್ಲದು. ಪ್ರಗತಿ ಪರಿಶೀಲನಾ ಸಭೆಯಲ್ಲಿ ಹಸಿರು ಬಣ್ಣದ ಕಂಬ ಮೇಲಕ್ಕೇರುವುದು ಯಾವುದರಿಂದ ಎಂದು ಬಿಡಿಸಿ ಹೇಳಬೇಕಿಲ್ಲ.

ಮೊದಲು ಹೀಗಿರಲಿಲ್ಲ. ಮೊದಲು ಕಾರ್ಪೊರೇಟರ್ ಎಂಬ ಒಬ್ಬ ಮನುಷ್ಯ ಇರುತ್ತಿದ್ದ. ಅವರೇನು ಸಂತರಲ್ಲ. ಗುಂಡಿ ಬೀಳುವ ರಸ್ತೆಯ ಗುತ್ತಿಗೆ ಅವರ ಭಾವಮೈದುನನಿಗೇ ಸಿಕ್ಕಿರುವ ಸಾಧ್ಯತೆಯೂ ಇತ್ತು. ಆದರೆ ಅವರಿಗೊಂದು ಮನೆ ಇತ್ತು, ಮನೆಗೊಂದು ಗೇಟಿತ್ತು. ಬೆಳಗ್ಗೆ ಆರೂವರೆಗೆ ಹೋಗಿ ನಿಂತರೆ ಹಾಲು ತೆಗೆದುಕೊಳ್ಳಲಾದರೂ ಹೊರಗೆ ಬರುತ್ತಿದ್ದರು. ‘ಏನಣ್ಣ, ಬೀದಿ ಕಡೆ ಬರೋದೇ ಬಿಟ್ಟುಬಿಟ್ರಿ?’ ಎಂದು ನಾಲ್ಕು ಜನರ ಎದುರು ಕೇಳಿದರೆ ಮುಖ ಕೆಂಪಗಾಗುತ್ತಿತ್ತು, ಸಂಜೆಗೆ ಅರ್ಧ ಲೋಡ್ ಜಲ್ಲಿಯಾದರೂ ಬಂದು ಬೀಳುತ್ತಿತ್ತು. ಆ್ಯಪಿಗೆ ಮುಖವೂ ಇಲ್ಲ, ಗೇಟೂ ಇಲ್ಲ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಹಿಂದಿನ ಕೌನ್ಸಿಲ್ಲಿನ ಅವಧಿ ಮುಗಿಯಿತು. ಅಲ್ಲಿಂದ ಐದು ವರ್ಷ ಚುನಾವಣೆಯ ಕಿರಿಕಿರಿಯಿಲ್ಲದೆ ಆಡಳಿತ ನಡೆಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯನ್ನೇ ತೆಗೆದು ಐದು ಪಾಲಿಕೆ ಮಾಡಿದರು. ಚುನಾವಣೆ ನಡೆಸದ ವರ್ಷಕ್ಕೊಂದರಂತೆ ಲೆಕ್ಕ ಸರಿಯಾಗಿದೆ.

ಅಗೆತದ ವಿಷಯಕ್ಕೆ ಬಂದರೆ ಅಲ್ಲಿಯೂ ಕ್ರಾಂತಿಯಾಗಿದೆ. ಒಂದೇ ರಸ್ತೆಯನ್ನು ಜಲಮಂಡಳಿ, ಬೆಸ್ಕಾಂ, ಗ್ಯಾಸ್ ಪೈಪಿನವರು, ಕೇಬಲ್ಲಿನವರು ಒಬ್ಬರ ಹಿಂದೊಬ್ಬರು ಅಗೆಯಬಾರದೆಂದು ಎಲ್ಲ ಸಂಸ್ಥೆಗಳನ್ನೂ ಒಂದೆಡೆ ಸೇರಿಸುವ ‘ಮಾರ್ಕ್ಸ್’ ಎಂಬ ಆನ್‌ಲೈನ್ ವ್ಯವಸ್ಥೆ ಬಂದು ವರ್ಷಗಳೇ ಆದವು. ಈಗ ಅವರು ಆನ್‌ಲೈನಿನಲ್ಲಿ ಒಬ್ಬರ ಹಿಂದೊಬ್ಬರು ಅನುಮತಿ ಪಡೆದು ಅಗೆಯುತ್ತಾರೆ. ಗುಂಡಿಯೇ ಬೀಳದಿರಲಿ ಎಂದು ವೈಟ್ ಟಾಪಿಂಗ್ ಶುರುವಾಯಿತು. ಹಳೇ ಡಾಂಬರಿನ ಮೇಲೇ ಕಾಂಕ್ರೀಟ್ ಹಾಸುವ ವಿದ್ಯೆ ಇದು. ರಸ್ತೆ ಗಟ್ಟಿಯಾಗುತ್ತದೆ, ಸುಳ್ಳಲ್ಲ. ಜೊತೆಗೆ ಎತ್ತರವೂ ಆಗುತ್ತದೆ. ಅಜ್ಜನ ಕಾಲದಲ್ಲಿ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಮೊಮ್ಮಗ ಎರಡು ಮೆಟ್ಟಿಲು ಇಳಿದು ಹೋಗುತ್ತಾನೆ. ಮಳೆನೀರು ಹೋಗಬೇಕಾದ ಮೋರಿಯ ಬಾಯಿ ರಸ್ತೆಗಿಂತ ಮೇಲಿದ್ದು, ಮನೆಯ ಹೊಸ್ತಿಲು ಕೆಳಗಿದ್ದರೆ ನೀರಿಗೆ ದಾರಿ ತೋರಿಸಲು ಯಾವ ಆ್ಯಪೂ ಬೇಕಾಗುವುದಿಲ್ಲ.

ನೀರಿನ ಮಾತು ಬಂತು. 2023ರ ನವೆಂಬರಿನಲ್ಲಿ ಪಾಲಿಕೆ ಬೆಂಗಳೂರಿಗೆ ಹವಾಮಾನ ಕ್ರಿಯಾ ಯೋಜನೆಯೊಂದನ್ನು ಹೊರತಂದಿತು. ಬರ, ನೆರೆ, ಸೆಕೆ ಏನೇ ಬಂದರೂ ಊರು ತಡೆದುಕೊಂಡು ನಿಲ್ಲುವಂತೆ ಮಾಡುವುದು ಗುರಿ. ಒಟ್ಟು 260ಕ್ಕೂ ಹೆಚ್ಚು ಕ್ರಮಗಳು. 2050ಕ್ಕೆ ಊರು ಉಗುಳುವ ನಿವ್ವಳ ಇಂಗಾಲ ಸೊನ್ನೆ. ತಯಾರಿಸಿದವರ ಓದಿನ ಬಗ್ಗೆ ನನಗೆ ಗೌರವವಿದೆ. ಆದರೆ ಈ ಊರಿನ ತಡೆದುಕೊಳ್ಳುವ ಶಕ್ತಿಗೆ ಅದಕ್ಕೂ ಒಂದು ವರ್ಷ ಮೊದಲೇ ಪರೀಕ್ಷೆ ನಡೆದಿತ್ತು. 2022ರ ಸೆಪ್ಟೆಂಬರ್ ಮೊದಲ ವಾರ, ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ನಗರದಲ್ಲಿ ದೋಣಿ ಇಳಿಸಬೇಕಾಯಿತು. ಹೊರವರ್ತುಲ ರಸ್ತೆಯ ಕಂಪನಿಗಳಿಗೆ ಐಟಿ ಮಂದಿ ಟ್ರ್ಯಾಕ್ಟರ್ ಹತ್ತಿ ಹೋದರು. ಅದೇ ಮಳೆಗೆ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಪಂಪ್‌ಹೌಸ್ ಮುಳುಗಿ, ಊರಿಗೆ ಬರುವ ಕಾವೇರಿ ನೀರು ನಿಂತಿತು. ಮೊಣಕಾಲುದ್ದ ನೀರಿನಲ್ಲಿ ನಿಂತು ನಲ್ಲಿ ತಿರುಗಿಸಿದರೆ ನೀರಿಲ್ಲ. ಮುಂದೆ 2024ರ ಮಾರ್ಚ್‌ನಲ್ಲಿ ಬರ ಬಂದು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಎಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ಯಲಹಂಕದ ಅಪಾರ್ಟ್‌ಮೆಂಟಿಗೆ ಮತ್ತೆ ದೋಣಿ.

ಕೆರೆಗಳ ಊರಿನಲ್ಲಿ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ತೂಬು ಯಾವಾಗ ಎತ್ತಬೇಕು, ಕೋಡಿ ಯಾವಾಗ ಹರಿಯುತ್ತದೆ, ಕಾಲುವೆ ಎಲ್ಲಿ ಕಟ್ಟಿಕೊಳ್ಳುತ್ತದೆ ಎನ್ನುವುದೆಲ್ಲ ಅವನ ತಲೆಯಲ್ಲಿ. ಹೆಗಲ ಮೇಲೆ ಗುದ್ದಲಿ, ಸುಗ್ಗಿಯಲ್ಲಿ ರೈತರು ಅಳೆದು ಕೊಡುವ ಕಾಳು ಸಂಬಳ. ರಸ್ತೆಗೂ ಗ್ಯಾಂಗ್‌ಮನ್‌ಗಳಿದ್ದರು, ತಮ್ಮ ಪಾಲಿನ ಮೈಲಿಯ ಒಂದೊಂದು ಮೋರಿಯೂ ಅವರಿಗೆ ಗೊತ್ತಿತ್ತು. ಈಗ ಅವರ ಜಾಗದಲ್ಲಿ ಸೆನ್ಸರ್. ಕಾಲುವೆ ತುಂಬಿತೆಂದು ಅದು ಕಂಟ್ರೋಲ್ ರೂಮಿಗೆ ಹೇಳುತ್ತದೆ, ಕಂಟ್ರೋಲ್ ರೂಮು ಇಂಜಿನಿಯರಿಗೆ, ಇಂಜಿನಿಯರ್ ಗುತ್ತಿಗೆದಾರನಿಗೆ. ಗುತ್ತಿಗೆದಾರ ಹಳೇ ಬಿಲ್ ಪಾಸಾಗಲಿ ಸ್ವಾಮಿ ಎನ್ನುತ್ತಾನೆ. ಇತ್ತ ಜಾಲರಿಗೆ ಅಡ್ಡ ಸಿಕ್ಕಿಕೊಂಡ ಒಂದು ಪ್ಲಾಸ್ಟಿಕ್ ಕವರ್ ಎಲ್ಲ ತಂತ್ರಜ್ಞಾನವನ್ನೂ ಹಿಡಿದು ನಿಲ್ಲಿಸಿರುತ್ತದೆ. ಅದನ್ನು ಬಗ್ಗಿ ಎತ್ತಿ ಹಾಕುವವರು ಯಾರು ಎಂಬ ಕಾಲಂ ಡ್ಯಾಶ್‌ಬೋರ್ಡಿನಲ್ಲಿ ಇಲ್ಲ. ಕೊನೆಗೆ ಪಕ್ಕದ ಅಂಗಡಿಯವನೇ ಪಂಚೆ ಎತ್ತಿ ಕಟ್ಟಿ, ಕೋಲು ಹಿಡಿದು ಇಳಿಯುತ್ತಾನೆ.

ಕೆ.ಆರ್. ವೃತ್ತದಲ್ಲಿ ಲೋಕೋಪಯೋಗಿ ಇಲಾಖೆಯ ಕಚೇರಿ ಇದೆ. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಇಂಜಿನಿಯರಿಂಗ್ ಕಾಲೇಜೂ ಅಲ್ಲೇ. 2023ರ ಮೇ 21ರ ಮಧ್ಯಾಹ್ನ ಅದೇ ವೃತ್ತದ ಅಂಡರ್‌ಪಾಸಿನಲ್ಲಿ ನಿಂತ ಮಳೆನೀರಿಗೆ ಕಾರು ಸಿಕ್ಕಿ, ಊರು ನೋಡಲು ಬಂದ ಮನೆಯವರ ಜೊತೆಗಿದ್ದ ಯುವತಿಯೊಬ್ಬಳು ಸತ್ತಳು. ಒಳಗೆ ಹೋಗದಂತೆ ಇಟ್ಟಿದ್ದ ಬ್ಯಾರಿಕೇಡ್ ಗಾಳಿಮಳೆಗೆ ಬಿದ್ದುಹೋಗಿತ್ತು ಎಂಬ ವಿವರಣೆ ಬಂತು. ಎತ್ತಿ ನಿಲ್ಲಿಸಲು ಒಬ್ಬ ಮನುಷ್ಯ ಅಲ್ಲಿರಲಿಲ್ಲ.

ಆಗ ನಗರವನ್ನು ನೋಡಿಕೊಳ್ಳುತ್ತಿದ್ದ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು 2025ರ ಫೆಬ್ರುವರಿಯಲ್ಲಿ, ದೇವರೇ ಇಳಿದು ಬಂದರೂ ಎರಡು ಮೂರು ವರ್ಷದಲ್ಲಿ ಬೆಂಗಳೂರನ್ನು ಬದಲಾಯಿಸಲಾಗದು ಎಂದರು. ದೇವರನ್ನು ಹೊಣೆಯಿಂದ ಮುಕ್ತಗೊಳಿಸಿದ ಈ ಔದಾರ್ಯ ದೊಡ್ಡದು. ಸೆಪ್ಟೆಂಬರಿನಲ್ಲಿ ಗುಂಡಿಗಳ ಗಲಾಟೆ ಎದ್ದಾಗ ದೆಹಲಿಯಲ್ಲಿ ಪ್ರಧಾನಿ ಮನೆಗೆ ಹೋಗುವ ರಸ್ತೆಯಲ್ಲೂ ಗುಂಡಿಗಳಿವೆ ಎಂದು ನೆನಪಿಸಿದರು. ನಮ್ಮ ಗುಂಡಿಗೆ ರಾಷ್ಟ್ರಮಟ್ಟದಲ್ಲಿ ಜೊತೆ ಸಿಕ್ಕಿದ್ದು ಸಮಾಧಾನವೇ. ಈ ನಡುವೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹದಿನಾರು ಕಿಲೋಮೀಟರಿಗೂ ಉದ್ದದ ಸುರಂಗ ರಸ್ತೆ ಕೊರೆಯುವ ಯೋಜನೆ ತಯಾರಾಯಿತು, ಸಾವಿರಾರು ಕೋಟಿಯದು. ಮೇಲಿನ ರಸ್ತೆಯ ಗುಂಡಿ ಮುಚ್ಚಲಾಗದಿದ್ದರೆ ಗುಂಡಿಯ ಕೆಳಗಿಂದಲೇ ಹೋಗಿಬಿಡುವುದು. ಇದಕ್ಕಿಂತ ಮೂಲಭೂತವಾದ ಪರಿಹಾರ ಹೊಳೆಯುವುದು ಕಷ್ಟ.

ಬೇಕರಿ ಎದುರಿನ ಗುಂಡಿಗೆ ಈಚೆಗೆ ಹೊಸ ತೊಡಕು ಬಂದಿದೆ. ಐದು ಪಾಲಿಕೆ ಮಾಡುವಾಗ ಗಡಿಗೆರೆ ಆ ರಸ್ತೆಯ ಮಧ್ಯಕ್ಕೇ ಬಂತು ಅಂತಿಟ್ಟುಕೊಳ್ಳಿ. ನಾಗರಿಕರು ಸಹಾಯವಾಣಿಗೆ ಫೋನು ಮಾಡುತ್ತಾರೆ. ಆ ಕಡೆ ಹುಡುಗಿ ಬಹಳ ವಿನಯವಂತೆ.

‘ಗುಂಡಿ ಯಾವ ಪಾಲಿಕೆಗೆ ಬರುತ್ತೆ ಸರ್, ದಕ್ಷಿಣಾನಾ, ಪಶ್ಚಿಮಾನಾ?’

‘ಅರ್ಧ ಅರ್ಧ ಬರುತ್ತಮ್ಮ.’

‘ಹಾಗಾದ್ರೆ ಎರಡು ದೂರು ಹಾಕ್ಬೇಕಾಗುತ್ತೆ ಸರ್. ಬೀಳೋರು ಸಾಮಾನ್ಯವಾಗಿ ಯಾವ ಕಡೆಯಿಂದ ಬೀಳ್ತಾರೆ?’

‘ಬರೋರು ಆ ಕಡೆಯಿಂದ, ಹೋಗೋರು ಈ ಕಡೆಯಿಂದ.’

‘ಸರಿ ಸರ್, ಎರಡೂ ಕಡೆ ನೋಂದಾಯಿಸಿದ್ದೀನಿ. ಪಶ್ಚಿಮದ್ದು ಈಗಾಗ್ಲೇ ಪರಿಹಾರ ಆಗಿದೆ ಅಂತ ತೋರಿಸ್ತಿದೆ.’